ತಂದೆ-ತಾಯಿಗೆ ಗ್ರೀನ್ ಕಾರ್ಡ್: ಪ್ರವಾಸಿ ವೀಸಾದಲ್ಲಿ ಬಂದಾಗಲೇ ಅರ್ಜಿ ಹಾಕಬಹುದೇ? ತಂಗಿಯ ವಿಷಯ ಏನು?

ಮಲೆನಾಡಿಗ

ಎಲ್ಲರಿಗೂ ನಮಸ್ಕಾರ. ನಾನು 2008ರಲ್ಲಿ ಓದಲೆಂದು ಅಮೆರಿಕಕ್ಕೆ ಬಂದವನು. ಉದ್ಯೋಗದ ಮೂಲಕ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷ ಕಳೆದ ಮೇಲೆ ಇತ್ತೀಚೆಗಷ್ಟೇ ಇಲ್ಲಿಯ ಪೌರತ್ವದ ಪ್ರಮಾಣವಚನ ಸ್ವೀಕರಿಸಿದ್ದೇನೆ. ಹೆಂಡತಿ ಮತ್ತು ನಾಲ್ಕು ವರ್ಷದ ಮಗನೊಡನೆ ನ್ಯೂಜೆರ್ಸಿಯಲ್ಲಿ ವಾಸ. ತಂದೆ-ತಾಯಿ ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯಲ್ಲಿದ್ದಾರೆ. ತಂದೆಗೆ 72, ತಾಯಿಗೆ 67. ಮೂರು ಎಕರೆ ಅಡಿಕೆ ತೋಟವಿದ್ದು, ಅದನ್ನು ಈಗಲೂ ತಂದೆಯೇ ನೋಡಿಕೊಳ್ಳುತ್ತಾರೆ. ನನ್ನ ತಂಗಿಗೆ ಮೂವತ್ತು ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮದುವೆ ಇನ್ನೂ ಆಗಿಲ್ಲ.

ಮುಂದಿನ ಏಪ್ರಿಲ್‌ನಲ್ಲಿ ನಮಗೆ ಎರಡನೆಯ ಮಗು ಹುಟ್ಟಲಿದೆ. ಬಾಣಂತನಕ್ಕೆಂದು ಅಪ್ಪ-ಅಮ್ಮ ಬರುವವರಿದ್ದಾರೆ. ಇಬ್ಬರಿಗೂ ಹತ್ತು ವರ್ಷದ ಪ್ರವಾಸಿ ವೀಸಾ ಇದೆ. ಸ್ನೇಹಿತರೊಬ್ಬರು, "ಹೇಗೂ ಬರುತ್ತಿದ್ದಾರಲ್ಲ, ಬಂದ ಮೇಲೆ ಇಲ್ಲಿಂದಲೇ ಗ್ರೀನ್ ಕಾರ್ಡಿಗೆ ಹಾಕಿಬಿಡು, ವೀಸಾ ಸಂದರ್ಶನಕ್ಕೆ ಮುಂಬೈ ಕಾನ್ಸುಲೇಟಿಗೆ ಅಲೆಯುವುದು ತಪ್ಪುತ್ತದೆ" ಎನ್ನುತ್ತಾರೆ. ಇದು ಸರಿಯಾದ ದಾರಿಯೇ?

ದಾಖಲೆಗಳ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ನನ್ನ ಜನನ ಪ್ರಮಾಣಪತ್ರದಲ್ಲಿ ತಂದೆ-ತಾಯಿಯ ಹೆಸರುಗಳಿವೆ, ಆದರೆ ಮಗುವಿನ ಹೆಸರಿನ ಜಾಗ ಖಾಲಿ ಇದೆ. ತಾಯಿ ಹುಟ್ಟಿದ್ದು ಮನೆಯಲ್ಲಿ, ದಾಖಲೆ ಯಾವುದೂ ಇಲ್ಲ. ಅವರ ಮದುವೆ 1981ರಲ್ಲಿ ಅಜ್ಜಿಯ ಮನೆಯ ಅಂಗಳದಲ್ಲಿ ನಡೆಯಿತು, ನೋಂದಣಿ ಮಾಡಿಸಿಲ್ಲ. ಕೊನೆಯದಾಗಿ, ತಂದೆ-ತಾಯಿ ಬಂದರೆ ಊರಿನ ಕಡೆ ತಂಗಿ ಒಬ್ಬಳೇ ಉಳಿಯುತ್ತಾಳೆ ಎಂಬ ಚಿಂತೆ ಮನೆಯಲ್ಲಿ ಎಲ್ಲರಿಗೂ ಇದೆ. ಅವಳನ್ನೂ ಕರೆಸಿಕೊಳ್ಳಲು ದಾರಿ ಇದೆಯೇ? ತಿಳಿದವರು ದಯವಿಟ್ಟು ತಿಳಿಸಬೇಕು.

ಎಡಿಸನ್ ವಾಸಿ

ಅಭಿನಂದನೆಗಳು. ನಾನು ವಕೀಲನಲ್ಲ, ನನ್ನ ತಂದೆ-ತಾಯಿಯ ಎರಡು ಕಡತಗಳನ್ನೂ ಅತ್ತೆಯವರ ಒಂದು ಕಡತವನ್ನೂ ನಾನೇ ಕೂತು ತುಂಬಿದವನು, ಅಷ್ಟೇ.

ಮೊದಲು ಸಂತೋಷದ ಮಾತು. ಇಪ್ಪತ್ತೊಂದು ವರ್ಷ ದಾಟಿದ ಅಮೆರಿಕನ್ ಪ್ರಜೆಯ ತಂದೆ-ತಾಯಿಯನ್ನು ಇಲ್ಲಿಯ ಕಾನೂನು "ಹತ್ತಿರದ ಬಂಧು" ಎಂದು ಕರೆಯುತ್ತದೆ. ಪ್ರಜೆಯ ಗಂಡ ಅಥವಾ ಹೆಂಡತಿ ಮತ್ತು ಇಪ್ಪತ್ತೊಂದರೊಳಗಿನ ಅವಿವಾಹಿತ ಮಕ್ಕಳೂ ಇದೇ ಗುಂಪಿನವರು. ಈ ಗುಂಪಿಗೆ ವಾರ್ಷಿಕ ಮಿತಿ ಇಲ್ಲ, ದೇಶವಾರು ಶೇ. 7ರ ಮಿತಿಯೂ ಇಲ್ಲ. ಹಾಗಾಗಿ ಉದ್ಯೋಗದ ಗ್ರೀನ್ ಕಾರ್ಡಿಗೆ ನೀವು ಕಾದಂತೆ ಅವರು ಸಾಲಿನಲ್ಲಿ ಕಾಯಬೇಕಾಗಿಲ್ಲ. ಕಡತ ಕಚೇರಿಯಿಂದ ಕಚೇರಿಗೆ ಸಾಗಲು ತಗಲುವ ಕಾಲ ಮಾತ್ರ ಅವರ ಕಾಯುವಿಕೆ. ಅದೂ ಒಂದು ವರ್ಷ ಮೀರುವುದು ಸಾಮಾನ್ಯ.

ಇನ್ನು ನಿಮ್ಮ ಸ್ನೇಹಿತರ ಸಲಹೆ. ಅದು ಅರ್ಧ ಸತ್ಯ, ಮತ್ತು ಈ ಅರ್ಧ ಸತ್ಯದಿಂದಲೇ ಹೆಚ್ಚು ಜನ ಕೆಟ್ಟಿದ್ದಾರೆ. ಪ್ರವಾಸಿ ವೀಸಾದಲ್ಲಿ ಕಾನೂನುಬದ್ಧವಾಗಿ ಒಳಬಂದ ತಂದೆ-ತಾಯಿ ಇಲ್ಲಿದ್ದುಕೊಂಡೇ ಐ-485 ಅರ್ಜಿ ಹಾಕಿ ಕಾಯಂ ವಾಸದ ಸ್ಥಾನ ಪಡೆಯಲು ಕಾನೂನಿನಲ್ಲಿ ಅವಕಾಶ ಇದೆ ಎಂಬುದು ನಿಜ. ಆದರೆ ಆ ಅವಕಾಶ ಇರುವುದು ನೋಡಿ ಹೋಗಲೆಂದು ಬಂದು, ಬಂದ ಮೇಲೆ ಪರಿಸ್ಥಿತಿ ಬದಲಾಗಿ ಮನಸ್ಸು ಬದಲಾಯಿಸಿದವರಿಗೆ. ವಿಮಾನ ಹತ್ತುವ ಮೊದಲೇ "ಅಲ್ಲಿ ಹೋಗಿ ಹಾಕೋಣ" ಎಂದು ತೀರ್ಮಾನಿಸಿ, ವಿಮಾನ ನಿಲ್ದಾಣದಲ್ಲಿ ಅಧಿಕಾರಿಯ ಮುಂದೆ "ಮೊಮ್ಮಗುವನ್ನು ನೋಡಿ ಆರು ತಿಂಗಳಲ್ಲಿ ಹಿಂದಿರುಗುತ್ತೇವೆ" ಎಂದರೆ ಅದು ಸುಳ್ಳು ಹೇಳಿಕೆಯಾಗುತ್ತದೆ. ವಿದೇಶಾಂಗ ಇಲಾಖೆಯ ಕೈಪಿಡಿಯಲ್ಲಿ ತೊಂಬತ್ತು ದಿನಗಳ ಒಂದು ನಿಯಮವಿದೆ: ಒಳಬಂದ ತೊಂಬತ್ತು ದಿನಗಳೊಳಗೆ ವೀಸಾದ ಉದ್ದೇಶಕ್ಕೆ ವಿರುದ್ಧವಾಗಿ ನಡೆದುಕೊಂಡರೆ, ಬರುವಾಗಲೇ ಆ ಉದ್ದೇಶವಿತ್ತು ಎಂದು ಭಾವಿಸಲಾಗುತ್ತದೆ. ತೊಂಬತ್ತೊಂದನೆಯ ದಿನ ಹಾಕಿದರೆ ಪಾರು ಎಂದು ಅನೇಕರು ನಂಬಿದ್ದಾರೆ. ಆದರೆ ಗ್ರೀನ್ ಕಾರ್ಡ್ ನಿರ್ಧರಿಸುವ ವಲಸೆ ಸೇವಾ ಸಂಸ್ಥೆಯಾದ ಯುಎಸ್‌ಸಿಐಎಸ್‌ಗೆ ಆ ಎಣಿಕೆ ಕಟ್ಟಳೆಯಲ್ಲ, ಅದು ಇಡೀ ಸಂದರ್ಭವನ್ನು ನೋಡುತ್ತದೆ. ನೀವು ಇಲ್ಲಿ ಬರೆದಿರುವ ಪ್ರಶ್ನೆಯೇ ಪೂರ್ವ ಯೋಜನೆಗೆ ಸಾಕ್ಷಿ ಎಂದು ನಗೆಯಾಡಬಹುದಿತ್ತು, ಆದರೆ ವಿಷಯ ನಗುವಂಥದ್ದಲ್ಲ.

ಏಕೆಂದರೆ ಸುಳ್ಳು ಹೇಳಿ ಪ್ರವೇಶಿಸಿದರೆಂದು ತೀರ್ಮಾನವಾದರೆ ಅಮೆರಿಕ ಪ್ರವೇಶಕ್ಕೆ ಆಜೀವ ನಿರ್ಬಂಧ ಬೀಳುತ್ತದೆ. ಅದರಿಂದ ವಿನಾಯಿತಿ ಕೇಳಲು ಒಂದು ಅರ್ಜಿ ಇದೆ. ಆದರೆ ಆ ವಿನಾಯಿತಿಗೆ ಅಮೆರಿಕನ್ ಪ್ರಜೆಯಾದ ಅಥವಾ ಗ್ರೀನ್ ಕಾರ್ಡ್ ಇರುವ ಸಂಗಾತಿ ಇರಬೇಕು, ಇಲ್ಲವೇ ತಂದೆ-ತಾಯಿ ಇರಬೇಕು. ಮಗ ಅಥವಾ ಮಗಳು ಪ್ರಜೆಯಾಗಿದ್ದರೆ ಅದು ಲೆಕ್ಕಕ್ಕೆ ಬಾರದು. ಎಪ್ಪತ್ತೆರಡರ ನಿಮ್ಮ ತಂದೆಗೆ ಅಮೆರಿಕದಲ್ಲಿ ಇರುವ ಬಂಧು ನೀವೊಬ್ಬರೇ ಎಂದಾದರೆ, ಆ ಬಾಗಿಲು ಅವರಿಗೆ ಮೊದಲೇ ಮುಚ್ಚಿದೆ ಎಂದರ್ಥ.

ಇನ್ನೂ ಒಂದು ತೊಡಕಿದೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಐ-485 ಹಾಕಿದ ಮೇಲೆ, ಮುಂಗಡ ಪ್ರಯಾಣ ಅನುಮತಿ ಕೈಗೆ ಬರುವ ಮೊದಲು ದೇಶ ಬಿಟ್ಟರೆ ಅರ್ಜಿ ಕೈಬಿಟ್ಟಂತೆ. ನಮ್ಮ ಪರಿಚಯದ ಒಬ್ಬ ತಾಯಿಯವರು ಹೀಗೆ ಅನುಮತಿಗೆ ಕಾಯುತ್ತಿದ್ದಾಗ ಊರಿನಲ್ಲಿ ಅವರ ಅಣ್ಣ ತೀರಿಕೊಂಡರು. ಹೋಗಲೂ ಆಗದೆ ಇರಲೂ ಆಗದೆ ಹನ್ನೊಂದು ದಿನ ಆ ಮನೆಯಲ್ಲಿ ಒಲೆ ಹತ್ತಿದ್ದೇ ಕಡಿಮೆ. ಅಲ್ಲದೆ 2025ರಿಂದ ಧೋರಣೆ ಬಿಗಿಯಾಗಿದೆ: ಅರ್ಜಿ ತಿರಸ್ಕೃತವಾಗಿ, ಅಷ್ಟರಲ್ಲಿ ಪ್ರವಾಸಿಯಾಗಿ ಇಲ್ಲಿರಲು ಕೊಟ್ಟ ಅವಧಿಯೂ ಮುಗಿದಿದ್ದರೆ, ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸು ಬರಬಹುದು.

ಆದ್ದರಿಂದ ಐ-130 ಅರ್ಜಿಗಳನ್ನು, ಅಂದರೆ ಬಂಧುವಿಗಾಗಿ ನೀವು ಸಲ್ಲಿಸುವ ಮೊದಲ ವಲಸೆ ಅರ್ಜಿಗಳನ್ನು, ಈಗಲೇ ಹಾಕಿ, "ಸಂದರ್ಶನ ಮುಂಬೈ" ಎಂದು ನಮೂದಿಸಿ. ಬಾಣಂತನಕ್ಕೆ ಅವರು ಈಗಿರುವ ವೀಸಾದಲ್ಲೇ ಬಂದು, ಅವಧಿಯೊಳಗೆ ಹಿಂದಿರುಗಲಿ. ಐ-130 ಬಾಕಿ ಇದೆ ಎಂಬ ಕಾರಣಕ್ಕೇ ಪ್ರವಾಸಿ ವೀಸಾ ರದ್ದಾಗುವುದಿಲ್ಲ. ಆದರೆ ವಿಮಾನ ನಿಲ್ದಾಣದಲ್ಲಿ ಕೇಳಿದರೆ ಮುಚ್ಚಿಡಬಾರದು. ಮುಂದೆ ವೀಸಾ ನವೀಕರಿಸಬೇಕಾಗಿ ಬಂದರೂ "ನಿಮ್ಮ ಪರವಾಗಿ ಯಾರಾದರೂ ವಲಸೆ ಅರ್ಜಿ ಸಲ್ಲಿಸಿದ್ದಾರೆಯೇ" ಎಂಬ ಪ್ರಶ್ನೆ ಪ್ರವಾಸಿ ವೀಸಾದ ಅರ್ಜಿ ನಮೂನೆಯಾದ ಡಿಎಸ್-160ರಲ್ಲೇ ಇದೆ, ಅಲ್ಲಿ ಹೌದು ಎನ್ನಲೇಬೇಕು. ಹಿಂದಿರುಗುವ ಟಿಕೆಟ್ಟು, ತೋಟದ ಪಹಣಿ ಕೈಯಲ್ಲಿರಲಿ. ಅಡಿಕೆ ಕೊಯ್ಲಿಗೆ ಮನೆಯಲ್ಲಿರಬೇಕು ಎಂಬುದಕ್ಕಿಂತ ಸಹಜವಾದ ಕಾರಣ ಬೇರೆ ಬೇಕಿಲ್ಲ.

ಖರ್ಚಿನ ಲೆಕ್ಕ: 2024ರ ಏಪ್ರಿಲ್‌ನಿಂದ ಐ-130ಕ್ಕೆ ಆನ್‌ಲೈನಿನಲ್ಲಿ 625 ಡಾಲರ್, ಕಾಗದದಲ್ಲಿ 675. ಮಂಜೂರಾದ ಮೇಲೆ ಕಡತ ಎನ್‌ವಿಸಿಗೆ, ಅಂದರೆ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಹೋಗುತ್ತದೆ; ಅಲ್ಲಿ ವೀಸಾ ಶುಲ್ಕ 325, ಆರ್ಥಿಕ ಹೊಣೆಪತ್ರದ ಪರಿಶೀಲನೆಗೆ 120. ವೀಸಾ ಸಿಕ್ಕಿದ ಮೇಲೆ ಕಾರ್ಡಿನ ಶುಲ್ಕ 235. ಒಬ್ಬರಿಗೆ 1,305 ಡಾಲರ್ ಆಯಿತು. ವೈದ್ಯಕೀಯ ತಪಾಸಣೆ, ಅನುವಾದ, ಮುಂಬೈ ಪ್ರಯಾಣ ಬೇರೆ. ತಂದೆಗೊಂದು, ತಾಯಿಗೊಂದು ಹೀಗೆ ಎರಡು ಪ್ರತ್ಯೇಕ ಅರ್ಜಿಗಳು ಕಡ್ಡಾಯ. ಒಂದೇ ಅರ್ಜಿಯಲ್ಲಿ ಇಬ್ಬರನ್ನೂ ಸೇರಿಸಲು ಬರುವುದಿಲ್ಲ.

ಆರ್ಥಿಕ ಹೊಣೆಪತ್ರ, ಅಂದರೆ ಐ-864, ಬರಿಯ ಔಪಚಾರಿಕ ಕಾಗದವಲ್ಲ. ನಿಮ್ಮ ಆದಾಯ ಫೆಡರಲ್ ಬಡತನ ಮಾನದಂಡದ ಶೇ. 125ಕ್ಕೆ ಕಡಿಮೆ ಇರಬಾರದು. ನೀವಿಬ್ಬರು, ಮಗ, ಹುಟ್ಟಲಿರುವ ಮಗು, ತಂದೆ-ತಾಯಿ ಸೇರಿ ಆರು ಜನ. 2025ರ ಪಟ್ಟಿಯಂತೆ ಆರು ಜನರ ಕುಟುಂಬಕ್ಕೆ ಅದು 53,937 ಡಾಲರ್. ಆ ಹೊಣೆ ಅವರು ಪ್ರಜೆಗಳಾಗುವವರೆಗೆ, ಅಥವಾ ಸಾಮಾಜಿಕ ಭದ್ರತೆಯ ಲೆಕ್ಕದಲ್ಲಿ ನಲವತ್ತು ತ್ರೈಮಾಸಿಕಗಳ ದುಡಿಮೆ ಜಮೆಯಾಗುವವರೆಗೆ, ಅಥವಾ ಕಾರ್ಡ್ ತೊರೆದು ಶಾಶ್ವತವಾಗಿ ದೇಶ ಬಿಡುವವರೆಗೆ, ಇಲ್ಲವೇ ಕಾಲವಾಗುವವರೆಗೆ ನಿಮ್ಮ ಮೇಲಿರುತ್ತದೆ.

ಕಾಫಿ ಕಣಿವೆ

ಮೇಲಿನವರು ವಿವರವಾಗಿ ಬರೆದಿದ್ದಾರೆ. ತಂಗಿಯ ವಿಷಯದಲ್ಲಿ ನನಗೆ ತಿಳಿದಂತೆ ಅವಳು ಅವಿವಾಹಿತಳಾದ್ದರಿಂದ ತಂದೆ-ತಾಯಿಯ ಅವಲಂಬಿತಳೆಂದು ಅದೇ ಅರ್ಜಿಯಲ್ಲಿ ಹೆಸರು ಸೇರಿಸಬಹುದು. ನಮ್ಮ ನೆಂಟರೊಬ್ಬರು ಉದ್ಯೋಗದ ಗ್ರೀನ್ ಕಾರ್ಡಿನಲ್ಲಿ ಮಕ್ಕಳನ್ನು ಹೀಗೆಯೇ ಸೇರಿಸಿದ್ದರು.

ಎಡಿಸನ್ ವಾಸಿ

ಕ್ಷಮಿಸಿ, ಇದನ್ನು ತಿದ್ದಲೇಬೇಕು. ಉದ್ಯೋಗದ ವರ್ಗಗಳಲ್ಲಿಯೂ ಕುಟುಂಬದ ಆದ್ಯತಾ ವರ್ಗಗಳಲ್ಲಿಯೂ ಸಂಗಾತಿ ಮತ್ತು ಇಪ್ಪತ್ತೊಂದರೊಳಗಿನ ಮಕ್ಕಳು ಅವಲಂಬಿತರಾಗಿ ಬರಬಹುದು. "ಹತ್ತಿರದ ಬಂಧು" ವರ್ಗದಲ್ಲಿ ಅವಲಂಬಿತರೆಂಬುದೇ ಇಲ್ಲ. ಸಾಲಿಲ್ಲದ ಸೌಕರ್ಯಕ್ಕೆ ತೆರುವ ಬೆಲೆ ಅದು. ತಾಯಿಗೂ ಪ್ರತ್ಯೇಕ ಅರ್ಜಿ ಬೇಕೆಂದು ನಾನು ಹೇಳಿದ್ದು ಇದೇ ಕಾರಣಕ್ಕೆ. ಮೂವತ್ತು ವರ್ಷದ ತಂಗಿಯಂತೂ ಯಾವ ವರ್ಗದಲ್ಲಿಯೂ ಅವಲಂಬಿತ ಮಗುವಲ್ಲ.

ಅವಳಿಗೆ ಇರುವ ದಾರಿಗಳು ಎರಡು, ಎರಡೂ ದೂರದ ದಾರಿಗಳು. ಒಂದು, ಪ್ರಜೆಯ ಒಡಹುಟ್ಟಿದವರ ವರ್ಗವಾದ ಎಫ್-4ರಲ್ಲಿ ನೀವೇ ಐ-130 ಹಾಕುವುದು. ಇಬ್ಬರ ಜನನ ದಾಖಲೆಯಲ್ಲೂ ಅದೇ ತಂದೆ-ತಾಯಿ ಇದ್ದರೆ ಸಾಕು. ಈ ವರ್ಗಕ್ಕೆ ಇಡೀ ಪ್ರಪಂಚಕ್ಕೆ ವರ್ಷಕ್ಕೆ 65,000 ವೀಸಾಗಳು, ಮೇಲೆ ದೇಶವಾರು ಮಿತಿ. ಯಾರ ಸರದಿ ಬಂದಿದೆ ಎಂದು ತಿಂಗಳಿಗೊಮ್ಮೆ ತಿಳಿಸುವ 2025ರ ವೀಸಾ ಬುಲೆಟಿನ್‌ಗಳಲ್ಲಿ ಭಾರತದ ಎಫ್-4 ಸಾಲು 2006ರಲ್ಲಿ ಅರ್ಜಿ ಹಾಕಿದವರ ಬಳಿ ತೆವಳುತ್ತಿತ್ತು. ಇಂದು ಹಾಕಿದರೆ ಅವಳು ಐವತ್ತು ದಾಟಿರುತ್ತಾಳೆ ಎಂದಿಟ್ಟುಕೊಳ್ಳಿ. ಆದರೂ ಹಾಕಿಡುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಮದುವೆಯಾದರೂ ಈ ಅರ್ಜಿ ಸಾಯುವುದಿಲ್ಲ, ಸರದಿ ಬಂದಾಗ ಗಂಡನೂ ಚಿಕ್ಕ ಮಕ್ಕಳೂ ಜೊತೆಯಲ್ಲಿ ಬರಬಹುದು. ಅವಳು ವಿದ್ಯಾರ್ಥಿ ವೀಸಾ ಅಥವಾ ಪ್ರವಾಸಿ ವೀಸಾ ಕೇಳುವ ಆಲೋಚನೆಯಲ್ಲಿದ್ದರೆ ಮಾತ್ರ, ಬಾಕಿ ಇರುವ ವಲಸೆ ಅರ್ಜಿ ಅಲ್ಲಿ ಪ್ರಶ್ನೆಯಾಗಿ ಏಳುತ್ತದೆ ಎಂಬುದನ್ನು ಲೆಕ್ಕ ಹಾಕಿ ಮುಂದುವರಿಯಿರಿ.

ಎರಡನೆಯದು, ತಾಯಿ ಅಥವಾ ತಂದೆ ಗ್ರೀನ್ ಕಾರ್ಡ್ ಪಡೆದ ಮೇಲೆ ಅವರು ಅವಿವಾಹಿತ ವಯಸ್ಕ ಮಗಳಿಗಾಗಿ ಎಫ್-2ಬಿ ಅರ್ಜಿ ಹಾಕುವುದು. 2025ರಲ್ಲಿ ಈ ಸಾಲು 2016ರಲ್ಲಿ ಹಾಕಿದವರ ಬಳಿ ಇತ್ತು, ಎಂದರೆ ಎಫ್-4ರ ಅರ್ಧಕ್ಕಿಂತ ಕಡಿಮೆ. ಕೇಳಲು ಆಕರ್ಷಕ, ಆದರೆ ಇದರಲ್ಲಿ ಒಂದು ಉರುಳಿದೆ. ಗ್ರೀನ್ ಕಾರ್ಡ್ ಮಾತ್ರ ಇರುವವರ ವಿವಾಹಿತ ಮಕ್ಕಳಿಗೆ ಕಾನೂನಿನಲ್ಲಿ ವರ್ಗವೇ ಇಲ್ಲ. ಸಾಲಿನಲ್ಲಿರುವಾಗ ಅವಳು ಮದುವೆಯಾದರೆ, ಹೆತ್ತವರು ಆ ವೇಳೆಗೆ ಪ್ರಜೆಯಾಗಿರದಿದ್ದರೆ, ಅರ್ಜಿ ಅಂದೇ ಮುಗಿಯಿತು. ಪ್ರಜೆಯಾದ ನಂತರ ಮದುವೆಯಾದರೆ ಅದು ಪ್ರಜೆಯ ವಿವಾಹಿತ ಮಕ್ಕಳ ವರ್ಗವಾದ ಎಫ್-3ಕ್ಕೆ ಜಾರಿ ಇನ್ನಷ್ಟು ಉದ್ದದ ಸಾಲಿಗೆ ಹೋಗುತ್ತದೆ, ಸಾಯುವುದಿಲ್ಲ. ಮೂವತ್ತರ ಹುಡುಗಿಗೆ "ಇನ್ನು ಹತ್ತು ವರ್ಷ ಮದುವೆಯಾಗಬೇಡ, ವೀಸಾ ಬರುತ್ತದೆ" ಎಂದು ಯಾವ ಮನೆಯವರೂ ಹೇಳಬಾರದು ಎಂಬುದು ನನ್ನ ಮಾತು; ಹೇಳಿದ ಮನೆಗಳನ್ನು ಕಂಡಿದ್ದೇನೆ.

ನಿವೃತ್ತ ಶಿರಸ್ತೇದಾರ

ಅಮೆರಿಕದ ಕಾನೂನಿನಲ್ಲಿ ನನಗೆ ಪರಿಶ್ರಮವಿಲ್ಲ. ಕಂದಾಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇದ್ದು, ಇಂತಹ ಕಡತಗಳಿಗಾಗಿ ಬಂದವರಿಗೆ ದಾಖಲೆ ಹುಡುಕಿ ಕೊಟ್ಟ ಅನುಭವದಿಂದ ಊರಿನ ಕಡೆಯ ಕಾಗದಪತ್ರಗಳ ವಿಷಯವನ್ನಷ್ಟೇ ಬರೆಯುತ್ತೇನೆ.

ನಿಮ್ಮ ಜನನ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇರುವುದು ಆ ಕಾಲದಲ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ ಅನೇಕರ ಕಥೆ. ನಾಮಕರಣಕ್ಕೆ ಮೊದಲೇ "ಗಂಡು ಮಗು" ಎಂದು ನೋಂದಣಿಯಾಗಿ, ಆಮೇಲೆ ಯಾರೂ ಅತ್ತ ತಿರುಗಿ ನೋಡಿರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 14ನೆಯ ಕಲಂ ಹೆಸರು ಸೇರಿಸುವುದಕ್ಕಾಗಿ, 15ನೆಯ ಕಲಂ ತಿದ್ದುಪಡಿಗಾಗಿ ಇದೆ. ನೋಂದಣಿಯಾದ ಊರಿನ ನೋಂದಣಾಧಿಕಾರಿಗೆ ಶಾಲಾ ದಾಖಲೆ ಮತ್ತು ಪಾಸ್‌ಪೋರ್ಟ್ ಪ್ರತಿಯೊಡನೆ ಅರ್ಜಿ ಕೊಡಿ. ನಿಮ್ಮ ಮತ್ತು ತಾಯಿಯ ಸಂಬಂಧವನ್ನು ತೋರಿಸುವ ಮೂಲ ದಾಖಲೆ ಇದೇ ಆದ್ದರಿಂದ ಐ-130 ಹಾಕುವ ಮೊದಲೇ ಇದನ್ನು ಸರಿಪಡಿಸುವುದು ಮೇಲು.

ತಾಯಿಯವರದು ಬೇರೆ ಸಂಗತಿ. ಆ ಕಾಯ್ದೆ ನಮ್ಮಲ್ಲಿ ಜಾರಿಗೆ ಬಂದದ್ದೇ 1970ರ ಏಪ್ರಿಲ್ 1ರಂದು. ಅದಕ್ಕೆ ಮೊದಲು ಹಳ್ಳಿಯ ಮನೆಯಲ್ಲಿ ಹುಟ್ಟಿದವರ ಹೆಸರು ರಿಜಿಸ್ಟರಿನಲ್ಲಿ ಇರುವುದೇ ಅಪರೂಪ. ಹೊಸದಾಗಿ ತಡ ನೋಂದಣಿ ಮಾಡಿಸಲು ಹೋಗಬೇಡಿ. ಒಂದು ವರ್ಷ ಮೀರಿದ ನೋಂದಣಿಗೆ ಮೊದಲು ನ್ಯಾಯಾಲಯದ ಆದೇಶ ಬೇಕಿತ್ತು, 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗದ ದಂಡಾಧಿಕಾರಿಗಳ ಕಡೆಗೆ ಬಂದಿದೆ. ಹೇಗಾದರೂ ಅರವತ್ತೇಳನೆಯ ವಯಸ್ಸಿನಲ್ಲಿ ಮಾಡಿಸಿದ ಜನನ ನೋಂದಣಿಯನ್ನು ನೋಡಿದ ಯಾವ ಅಧಿಕಾರಿಯೂ "ಇದಕ್ಕೆ ಆಧಾರವೇನು" ಎಂದೇ ಕೇಳುತ್ತಾನೆ. ಬದಲಿಗೆ ತಾಲ್ಲೂಕು ಕಚೇರಿಯಲ್ಲಿ ಆ ವರ್ಷದ ರಿಜಿಸ್ಟರ್ ಹುಡುಕಿಸಿ, ದಾಖಲೆ ಲಭ್ಯವಿಲ್ಲ ಎಂಬ ಪ್ರಮಾಣಪತ್ರವನ್ನು ಪಡೆಯಿರಿ. ಅದು ನಮೂನೆ 10ರಲ್ಲಿ ಬರುತ್ತದೆ. ಕಚೇರಿಯವರು ಅದನ್ನು "ನಾನ್-ಅವೈಲಬಿಲಿಟಿ" ಎಂದೇ ಕರೆಯುತ್ತಾರೆ. ಅದರ ಜೊತೆಗೆ ಎರಡು ಅಫಿಡವಿಟ್‌ಗಳನ್ನು ಮಾಡಿಸಿ. ಬರೆದುಕೊಡುವವರು ತಾಯಿಯವರಿಗಿಂತ ದೊಡ್ಡವರಾಗಿದ್ದು, ಹುಟ್ಟಿದ್ದನ್ನು ತಾವೇ ಬಲ್ಲವರಾಗಿರಬೇಕು. ಅರವತ್ತು ವರ್ಷದ ಸೋದರಳಿಯನಿಂದ ಅರವತ್ತೇಳು ವರ್ಷದ ಅತ್ತೆಯ ಜನನಕ್ಕೆ ಸಾಕ್ಷಿ ಬರೆಸಿ ತಂದವರನ್ನು ನಾನೇ ವಾಪಸ್ ಕಳುಹಿಸಿದ್ದೇನೆ. ಎಂಬತ್ತು ದಾಟಿದ ಹಿರಿಯರು ಮನೆತನದಲ್ಲಿ ಇದ್ದರೆ ಈ ಕೆಲಸವನ್ನು ಮುಂದೂಡಬೇಡಿ.

ಅವರು ಒಂದನೆಯ ತರಗತಿಗಾದರೂ ಶಾಲೆಗೆ ಹೋಗಿದ್ದರೆ ಆ ಶಾಲೆಯ ದಾಖಲಾತಿ ಪುಸ್ತಕದ ಪ್ರತಿಯನ್ನು ಮುಖ್ಯೋಪಾಧ್ಯಾಯರ ಸಹಿಯೊಡನೆ ತನ್ನಿ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಆಶ್ಚರ್ಯಪಡಬೇಡಿ, ನಮ್ಮ ತಲೆಮಾರಿನ ಅರ್ಧ ಕರ್ನಾಟಕ ಮೇಷ್ಟರ ದಯೆಯಿಂದ ಅಂದೇ ಹುಟ್ಟಿದೆ. ಆದರೆ ಪಾಸ್‌ಪೋರ್ಟಿನಲ್ಲಿರುವ ದಿನಾಂಕಕ್ಕೆ ಅದು ಹೊಂದದಿದ್ದರೆ ಅಫಿಡವಿಟ್‌ನಲ್ಲಿ ಆ ವ್ಯತ್ಯಾಸವನ್ನು ವಿವರಿಸಿರಬೇಕು.

ಮದುವೆಯ ದಾಖಲೆ ತಂದೆಯವರ ಅರ್ಜಿಗೆ ಬೇಕು. ಹಿಂದೂ ವಿವಾಹ ಕಾಯ್ದೆಯಡಿ ಹಳೆಯ ಮದುವೆಯನ್ನು ಈಗಲೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಬಹುದು. ಇಬ್ಬರೂ ಸಾಕ್ಷಿಗಳೊಡನೆ ಹಾಜರಾಗಬೇಕು. ಪ್ರಮಾಣಪತ್ರದಲ್ಲಿ 1981ರ ಮದುವೆಯ ದಿನಾಂಕವೂ ಇಂದಿನ ನೋಂದಣಿ ದಿನಾಂಕವೂ ಇರುತ್ತವೆ. ನೋಂದಣಿ ಹೊಸದಾದ್ದರಿಂದ ಅದೊಂದನ್ನೇ ನೆಚ್ಚಬೇಡಿ. ಲಗ್ನಪತ್ರಿಕೆ, ಮದುವೆಯ ಫೋಟೋ, ಹಳೆಯ ಪಡಿತರ ಚೀಟಿ, ಗಂಡ-ಹೆಂಡತಿ ಎಂದು ನಮೂದಾಗಿರುವ ಮತದಾರರ ಪಟ್ಟಿ, ನಾಮಿನಿ ಹೆಸರಿರುವ ವಿಮಾ ಪಾಲಿಸಿ, ಹೀಗೆ ಆ ಕಾಲದಲ್ಲೇ ಹುಟ್ಟಿದ ಕಾಗದಗಳನ್ನು ಅಟ್ಟದ ಪೆಟ್ಟಿಗೆಯಿಂದ ಇಳಿಸಿ. ಕನ್ನಡದ ಕಾಗದಗಳಿಗೆಲ್ಲ ಇಂಗ್ಲಿಷ್ ಅನುವಾದ ಬೇಕಾಗುತ್ತದೆ.

ಹಾಸನದ ಮಗಳು

ಕಾಗದಗಳ ವಿಷಯದಲ್ಲಿ ಹಿರಿಯರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ಏನೂ ಇಲ್ಲ. ಆದರೆ ಈ ಚರ್ಚೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿದೆ: ಅಪ್ಪ-ಅಮ್ಮನಿಗೆ ಅಲ್ಲಿ ಬಂದು ವಾಸ ಮಾಡುವ ಇಷ್ಟವಿದೆಯೇ? ಮಗನ ಇಷ್ಟವನ್ನು ಅವರ ಇಷ್ಟವೆಂದು ನಾವು ಬಹಳ ಸುಲಭವಾಗಿ ಓದಿಕೊಳ್ಳುತ್ತೇವೆ.

ನಾನು ನನ್ನ ಅಮ್ಮನಿಗೆ 2017ರಲ್ಲಿ ಗ್ರೀನ್ ಕಾರ್ಡ್ ಮಾಡಿಸಿದೆ. ಆರು ತಿಂಗಳು ಇಲ್ಲಿ, ಆರು ತಿಂಗಳು ಹಾಸನದಲ್ಲಿ ಇರಬಹುದು, ಪ್ರತಿ ಸಲ ವೀಸಾದ ಗೊಡವೆ ಇರುವುದಿಲ್ಲ ಎಂಬುದು ನಮ್ಮ ಲೆಕ್ಕವಾಗಿತ್ತು. ಗ್ರೀನ್ ಕಾರ್ಡ್ ಇರುವುದು ಬಂದು ಹೋಗುವುದಕ್ಕಲ್ಲ, ಇಲ್ಲಿ ಮನೆ ಮಾಡಿಕೊಂಡು ಇರುವುದಕ್ಕೆ ಎಂಬುದು ಎರಡನೆಯ ಸಲ ವಾಪಸಾಗುವಾಗ ತಿಳಿಯಿತು. ನೂರ ಎಂಬತ್ತು ದಿನಗಳಿಗಿಂತ ಹೆಚ್ಚು ಹೊರಗಿದ್ದು ಬಂದರೆ ಹೊಸದಾಗಿ ಪ್ರವೇಶ ಕೋರುವವರಂತೆ ಪರಿಶೀಲಿಸಬಹುದು. ಒಂದು ವರ್ಷ ಮೀರಿದರೆ ಕಾರ್ಡೊಂದನ್ನೇ ತೋರಿಸಿ ಒಳಬರಲು ಆಗದು. ಮುಂಚೆಯೇ ಇಲ್ಲಿದ್ದಾಗ ಐ-131 ಹಾಕಿ ಮರುಪ್ರವೇಶ ಪರವಾನಗಿ ಪಡೆದರೆ ಎರಡು ವರ್ಷದವರೆಗೆ ರಕ್ಷಣೆ ಇದೆ. ಆ ಅರ್ಜಿಯನ್ನು ಭಾರತದಿಂದ ಹಾಕಲು ಬರುವುದಿಲ್ಲ. ವರ್ಷಕ್ಕೊಮ್ಮೆ ಬಂದು ಮುಖ ತೋರಿಸಿ ಹೋದರೆ ಸಾಕು ಎಂಬುದು ನಮ್ಮವರಲ್ಲಿ ಹಬ್ಬಿರುವ ನಂಬಿಕೆ. ಅಧಿಕಾರಿ ನೋಡುವುದು ದಿನಗಳ ಲೆಕ್ಕವನ್ನು ಮಾತ್ರವಲ್ಲ, ಈ ವ್ಯಕ್ತಿಯ ನಿಜವಾದ ಮನೆ ಎಲ್ಲಿದೆ ಎಂಬುದನ್ನು. ಅಮ್ಮನ ಮನೆ ಹಾಸನದಲ್ಲಿತ್ತು. ಅದನ್ನು ಅಧಿಕಾರಿಗೆ ಮೊದಲು ಒಪ್ಪಿಕೊಂಡವರು ಅಮ್ಮನೇ.

ತಂಗಿಗಾಗಿ ಹಾಕುವ ಎಫ್-2ಬಿ ಅರ್ಜಿಯೂ ಇದೇ ಕಂಬಕ್ಕೆ ಕಟ್ಟಿದ್ದು ಎಂಬುದನ್ನು ಗಮನಿಸಿ. ಅರ್ಜಿ ಹಾಕಿದ ತಾಯಿಯ ಗ್ರೀನ್ ಕಾರ್ಡ್ ಹೋದರೆ ಮಗಳ ಸರದಿಯೂ ಹೋಗುತ್ತದೆ. ಎಂದರೆ ಆ ಅರ್ಜಿಯನ್ನು ಉಳಿಸಲು ಅವರು ವರ್ಷಗಟ್ಟಲೆ ಮಗಳಿಂದಲೇ ದೂರ ಇರಬೇಕಾಗುತ್ತದೆ.

ಆರೋಗ್ಯ ವಿಮೆಯ ವಿಷಯ. ಅರವತ್ತೈದು ದಾಟಿದವರಿಗೆ ಇಲ್ಲಿಯ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಿಗುತ್ತದೆ ಎಂದು ಕೇಳಿರುತ್ತೀರಿ. ಇಲ್ಲಿ ದುಡಿದಿಲ್ಲದ ಗ್ರೀನ್ ಕಾರ್ಡಿನವರು ಐದು ವರ್ಷ ನಿರಂತರ ವಾಸದ ನಂತರವಷ್ಟೇ, ಅದೂ ಕಂತು ಕಟ್ಟಿ ಸೇರಬಹುದು. ಆ ಐದು ವರ್ಷ ಖಾಸಗಿ ವಿಮೆಯೇ ಗತಿ. ಅಮ್ಮನ ಮಂಡಿ ನೋವಿಗೆ ಹಾಸನದಲ್ಲಿ ಆಟೋ ಹತ್ತಿ ಹೋದರೆ ಅರ್ಧ ಗಂಟೆಯಲ್ಲಿ ವೈದ್ಯರು ಸಿಗುತ್ತಿದ್ದರು. ಇಲ್ಲಿ ಕಾರು ಓಡಿಸಲು ಬಾರದ ಅವರು ನನ್ನ ರಜೆಗೆ ಕಾಯಬೇಕಿತ್ತು.

ತೋಟದ ವಿಷಯವನ್ನು ನಿಮ್ಮ ತಂದೆಯವರಿಗೆ ವಿವರವಾಗಿ ಹೇಳಿ, ಏಕೆಂದರೆ ಆಮೇಲೆ ತಿಳಿದರೆ ಬಹಳ ನೊಂದುಕೊಳ್ಳುತ್ತಾರೆ. ಅಮೆರಿಕಕ್ಕೆ ನೆಲೆಸಲು ಬಂದ ಮೇಲೆ ಭಾರತದ ವಿದೇಶಿ ವಿನಿಮಯ ಕಾನೂನಿನಲ್ಲಿ ಅವರು ಅನಿವಾಸಿಗಳು. ಈಗಿರುವ ತೋಟವನ್ನು ಇಟ್ಟುಕೊಳ್ಳಬಹುದು. ಆದರೆ ಪಕ್ಕದ ಅರ್ಧ ಎಕರೆ ಮಾರಾಟಕ್ಕೆ ಬಂದರೆ ಕೊಳ್ಳುವಂತಿಲ್ಲ, ಇರುವುದನ್ನು ಮಾರಿದರೆ ಭಾರತದಲ್ಲಿ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಖಾತೆಯಾಗಿ ಬದಲಿಸಬೇಕು. ಇದಕ್ಕಿಂತ ದೊಡ್ಡದು ತೆರಿಗೆ. ಗ್ರೀನ್ ಕಾರ್ಡ್ ಇರುವವರ ಪ್ರಪಂಚದಾದ್ಯಂತದ ಆದಾಯ ಅಮೆರಿಕದ ತೆರಿಗೆ ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಅಮೆರಿಕ ಆ ರಿಯಾಯಿತಿಯನ್ನು ಒಪ್ಪುವುದಿಲ್ಲ. ಅಡಿಕೆ ಮಾರಿ ಬಂದ ಹಣವನ್ನೂ ತೋರಿಸಬೇಕು. ಭಾರತದ ಬ್ಯಾಂಕುಗಳಲ್ಲಿರುವ ಒಟ್ಟು ಹಣ ವರ್ಷದ ಯಾವುದೇ ದಿನ 10,000 ಡಾಲರ್ ಮೀರಿದರೆ ಅದಕ್ಕೆ ಪ್ರತ್ಯೇಕ ವರದಿ ಸಲ್ಲಿಸಬೇಕು, ಸಲ್ಲಿಸದಿದ್ದರೆ ದಂಡ ಭಾರಿ.

ನಾವು ಕಡೆಗೆ ಐ-407 ಸಲ್ಲಿಸಿ ಅಮ್ಮನ ಕಾರ್ಡನ್ನು ಸ್ವಇಚ್ಛೆಯಿಂದ ಹಿಂದಿರುಗಿಸಿದೆವು. ಎರಡು ವರ್ಷದ ನಂತರ ಪ್ರವಾಸಿ ವೀಸಾಕ್ಕೆ ಹೋದಾಗ ಆ ಕಾಗದವನ್ನೇ ತೋರಿಸಿದರು, ವೀಸಾ ಸಿಕ್ಕಿತು. ಈಗ ಬೇಸಿಗೆಗೆ ಬಂದು ಗಣಪತಿ ಹಬ್ಬಕ್ಕೆ ಮೊದಲು ಹೋಗುತ್ತಾರೆ.

ಎಲ್ಲರಿಗೂ ಹೀಗೆಯೇ ಆಗಬೇಕೆಂದಿಲ್ಲ. ನನ್ನ ಗೆಳತಿಯ ಅತ್ತೆ-ಮಾವ ಇಲ್ಲೇ ನೆಮ್ಮದಿಯಾಗಿದ್ದಾರೆ. ಅವರಿಗೆ ಊರಿನಲ್ಲಿ ತೋಟವಿರಲಿಲ್ಲ, ಇಬ್ಬರು ಮಕ್ಕಳೂ ಇಲ್ಲೇ ಇದ್ದರು.

ಮಲೆನಾಡಿಗ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಮನೆಗೆ ಫೋನ್ ಮಾಡಿ ಇದನ್ನೆಲ್ಲ ಓದಿ ಹೇಳಿದೆ. ಅಪ್ಪ ಅರ್ಧಕ್ಕೇ ತಡೆದು, "ನನಗೆ ಕಾರ್ಡ್ ಬೇಡ, ಕೊಳೆ ರೋಗಕ್ಕೆ ಔಷಧಿ ಹೊಡೆಸುವವರು ಯಾರು" ಎಂದರು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪ ಎದ್ದು ಹೋದ ಮೇಲೆ, "ನನ್ನದನ್ನು ಹಾಕು, ನೋಡೋಣ" ಎಂದರು. ಇಷ್ಟು ವರ್ಷ ಇಬ್ಬರದೂ ಒಂದೇ ಅಭಿಪ್ರಾಯ ಎಂದುಕೊಂಡಿದ್ದ ನನಗೆ ಇದು ಹೊಸದು. ಹಾಗಾಗಿ ಏಪ್ರಿಲ್‌ನಲ್ಲಿ ಇಬ್ಬರೂ ಪ್ರವಾಸಿ ವೀಸಾದಲ್ಲಿ ಬಂದು ಹೋಗುವುದು; ಐ-130ನ್ನು ಅಮ್ಮನಿಗೊಂದೇ ಹಾಕುವುದು, ಮಂಜೂರಾದ ಮೇಲೆ ಮುಂದುವರಿಯುವುದೋ ಬೇಡವೋ ಅವರೇ ಹೇಳಲಿ ಎಂದು ತೀರ್ಮಾನಿಸಿದ್ದೇನೆ. ತಂಗಿಗೆ ಎಫ್-4 ಹಾಕಿಡಲೇ ಎಂದು ಕೇಳಿದ್ದಕ್ಕೆ, "ಐವತ್ತಕ್ಕೆ ಬಂದು ನಿನ್ನ ಮೊಮ್ಮಕ್ಕಳನ್ನು ಆಡಿಸಲೇ" ಎಂದು ನಕ್ಕಳು, ಆದರೆ ಬೇಡ ಎನ್ನಲಿಲ್ಲ.

ಶಿರಸ್ತೇದಾರರಲ್ಲಿ ಒಂದು ಪ್ರಶ್ನೆ. ತಾಯಿ ನಾಲ್ಕನೆಯ ತರಗತಿಯವರೆಗೆ ಓದಿದ ಶಾಲೆ ಈಗಲೂ ಇದೆಯಂತೆ, ದಾಖಲಾತಿ ಪುಸ್ತಕವೂ ಸಿಗಬಹುದಂತೆ. ಆದರೆ ಅದರಲ್ಲಿ ಅವರ ಹೆಸರು ಸುಬ್ಬಲಕ್ಷ್ಮಿ. ಮದುವೆಯ ದಿನ ಹೆಸರು ಬದಲಿಸಿ ಸರೋಜಾ ಎಂದು ಕರೆದದ್ದರಿಂದ ಪಾಸ್‌ಪೋರ್ಟಿನಲ್ಲಿಯೂ ನನ್ನ ಜನನ ಪ್ರಮಾಣಪತ್ರದಲ್ಲಿಯೂ ಸರೋಜಾ ಎಂದೇ ಇದೆ. ಶಾಲೆಯ ಕಾಗದವನ್ನು ಕೊಡದಿರುವುದೇ ಮೇಲೇ?

ನಿವೃತ್ತ ಶಿರಸ್ತೇದಾರ

ಕೊಡಿ. ಸಿಕ್ಕ ಹಳೆಯ ದಾಖಲೆಯನ್ನು ಬಚ್ಚಿಡಬೇಡಿ. ಮದುವೆಯಲ್ಲಿ ಹೆಸರು ಬದಲಾಯಿಸುವುದು ನಮ್ಮ ಕಡೆಯ ಹಳೆಯ ವಾಡಿಕೆ, ಇದರಲ್ಲಿ ಮುಚ್ಚುವಂಥದ್ದೇನೂ ಇಲ್ಲ. ಅಫಿಡವಿಟ್ ಬರೆದುಕೊಡುವ ಹಿರಿಯರು ಅದರಲ್ಲೇ, "ಸುಬ್ಬಲಕ್ಷ್ಮಿ ಎಂದು ಶಾಲೆಗೆ ಸೇರಿದವರೂ ಈಗ ಸರೋಜಾ ಎಂದು ಕರೆಯಲ್ಪಡುವವರೂ ಒಬ್ಬರೇ, 1981ರಲ್ಲಿ ಮದುವೆಯ ಸಂದರ್ಭದಲ್ಲಿ ಹೆಸರು ಬದಲಾಯಿತು" ಎಂಬ ಎರಡು ಸಾಲು ಸೇರಿಸಲಿ. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರು ತವರಿನ ಹೆಸರೇ ಆಗಿದ್ದರೆ ಅದು ಅತ್ಯುತ್ತಮ ಸಾಕ್ಷಿ, ಅದನ್ನು ಮೊದಲು ಹುಡುಕಿ.

ಎಡಿಸನ್ ವಾಸಿ

ಐ-130ರಲ್ಲಿ ಫಲಾನುಭವಿಯ ಬೇರೆ ಹೆಸರುಗಳಿಗೆಂದೇ ಒಂದು ಅಂಕಣವಿದೆ, ಅಲ್ಲಿ ಸುಬ್ಬಲಕ್ಷ್ಮಿ ಎಂದು ಬರೆಯಿರಿ. ಮುಂದೆ ವಲಸೆ ವೀಸಾದ ಅರ್ಜಿಯಾದ ಡಿಎಸ್-260 ತುಂಬುವಾಗಲೂ ಅದೇ ಕಾಗುಣಿತದಲ್ಲಿ ಬರೆಯಬೇಕು, ಆದ್ದರಿಂದ ಶಾಲೆಯ ಪುಸ್ತಕದ ಅನುವಾದ ಮಾಡಿಸುವಾಗಲೇ ಇಂಗ್ಲಿಷ್ ಕಾಗುಣಿತ ಯಾವುದೆಂದು ನಿಶ್ಚಯಿಸಿಕೊಳ್ಳಿ. ಅನುವಾದ ಪೂರ್ಣವಾಗಿಯೂ ಸರಿಯಾಗಿಯೂ ಇದೆ, ತನಗೆ ಎರಡೂ ಭಾಷೆಗಳು ಬರುತ್ತವೆ ಎಂದು ಅನುವಾದಕರು ಸಹಿ ಮಾಡಿದರೆ ಸಾಕು. ಅದನ್ನು ನೀವೇ ಮಾಡದೆ, ಕಡತಕ್ಕೆ ಸಂಬಂಧಪಡದ ಕನ್ನಡ ಬಲ್ಲ ಸ್ನೇಹಿತರಿಂದ ಮಾಡಿಸಿ.